ಮೈ ಕಾದಾಗ ತಣ್ಣೀರು ಹಾಕಬಾರದೇ? ಒಂದು ಕಾಲೇಜು ತಂಡದ ಸೀಸನ್ ಕಲಿಸಿದ ಪಾಠ

2018ರ ಸೆಪ್ಟೆಂಬರ್ 1. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಆ ವರ್ಷದ ಮೊದಲ ಪಂದ್ಯ. ಎದುರಾಳಿ ಟೆಕ್ಸಸ್ ವಿಶ್ವವಿದ್ಯಾಲಯ. ಚೆಂಡು ಮೊದಲ ಸಲ ತಮ್ಮ ಕೈಗೆ ಬಂದಾಗ ಮೇರಿಲ್ಯಾಂಡ್ ಆಟಗಾರರು ಸಾಲಾಗಿ ನಿಂತರು. ನಿಲ್ಲಬೇಕಾಗಿದ್ದದ್ದು ಹನ್ನೊಂದು ಜನ, ನಿಂತದ್ದು ಹತ್ತೇ ಜನ. ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಯಾರೂ ಆಟ ಶುರು ಮಾಡಲಿಲ್ಲ. ಸಮಯ ಮೀರಿತೆಂದು ತಂಡಕ್ಕೆ ದಂಡ ಬಿತ್ತು. ಆ ದಂಡದ ಲಾಭ ತನಗೆ ಬೇಡ ಎಂದು ಟೆಕ್ಸಸ್ ಬಿಟ್ಟುಕೊಟ್ಟಿತು.

ಖಾಲಿ ಬಿಟ್ಟಿದ್ದ ಆ ಜಾಗ 79ನೇ ನಂಬರಿನ ಜೋರ್ಡನ್ ಮೆಕ್‌ನೇರ್‌ನದು. ವಯಸ್ಸು 19. ಸೀಸನ್ ಶುರುವಾಗುವ ಮೊದಲೇ, ಜೂನ್ 13ರಂದು ಆತ ತೀರಿಕೊಂಡಿದ್ದ. ಕಾರಣ ಯಾವ ಅಪರೂಪದ ರೋಗವೂ ಅಲ್ಲ, ಆಟದಲ್ಲಿ ಬಿದ್ದ ಪೆಟ್ಟೂ ಅಲ್ಲ. ಓಟದ ಅಭ್ಯಾಸದ ವೇಳೆ ಆದ ಹೀಟ್ ಸ್ಟ್ರೋಕ್.

ಮೇರಿಲ್ಯಾಂಡ್ ಎಲ್ಲಿ, ನಾವೆಲ್ಲಿ ಅನ್ನಿಸಬಹುದು. ಆದರೆ ಈ ಸಾವಿನ ಹಿಂದಿದ್ದ ತಪ್ಪು ತಿಳಿವಳಿಕೆಗಳು ನಮ್ಮ ಊರಿನ ಶಾಲಾ ಮೈದಾನದಲ್ಲೂ ಇವೆ, ಪೊಲೀಸ್ ನೇಮಕಾತಿಗೆ ಓಡಿ ತಯಾರಾಗುವ ಹುಡುಗ ಹುಡುಗಿಯರ ನಡುವೆಯೂ ಇವೆ. ಹಾಗಾಗಿ ಈ ತಂಡದ ಒಂದು ವರ್ಷವನ್ನು ಮುಂದಿಟ್ಟುಕೊಂಡು, ಹೀಟ್ ಸ್ಟ್ರೋಕ್ ಬಗ್ಗೆ ಯಾವುದು ನಿಜ, ಯಾವುದು ಸುಳ್ಳು ಎಂದು ನೋಡೋಣ.

ಮೊದಲಿಗೆ, ಇದು ಯಾವ ಫುಟ್‌ಬಾಲ್?

ಇದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಮೈಯಿಂದಲೇ ತಡೆಯುವ ಆಟ. ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಪ್ಯಾಡ್. ಅಮೆರಿಕದಲ್ಲಿ ಕಾಲೇಜು ತಂಡಗಳ ಪಂದ್ಯ ನೋಡಲು ಲಕ್ಷ ಜನ ಹಿಡಿಸುವ ಕ್ರೀಡಾಂಗಣಗಳಿವೆ. ಸೀಸನ್ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲಿಗೆ ಆರಂಭವಾಗುತ್ತದೆ. ಹನ್ನೆರಡು ಪಂದ್ಯಗಳಲ್ಲಿ ಕನಿಷ್ಠ ಆರು ಗೆದ್ದರೆ, ವರ್ಷದ ಕೊನೆಗೆ ನಡೆಯುವ 'ಬೌಲ್' ಪಂದ್ಯಕ್ಕೆ ಅರ್ಹತೆ.

ಪಂದ್ಯಗಳು ಶರತ್ಕಾಲದಲ್ಲಿ ನಡೆದರೂ ತಯಾರಿ ನಡೆಯುವುದು ಬೇಸಿಗೆಯಲ್ಲಿ. ರಜೆ ಮುಗಿಸಿ ಬಂದ ಹುಡುಗರನ್ನು ಓಡಿಸಿ, ಭಾರ ಎತ್ತಿಸಿ, ಮೈ ಹುರಿಗೊಳಿಸುವ ಕಾಲ ಅದು. ಹೀಟ್ ಸ್ಟ್ರೋಕ್‌ನ ಅಪಾಯ ಪಂದ್ಯದ ದಿನಕ್ಕಿಂತ ಈ ತಯಾರಿಯ ಮೊದಲ ದಿನಗಳಲ್ಲೇ ಹೆಚ್ಚು.

ಮೇ 29ರಂದು ಏನಾಯಿತು?

2018ರ ಮೇ 29. ಕೆಲವು ವಾರಗಳ ಬಿಡುವಿನ ನಂತರ ತಂಡಕ್ಕೆ ಅದು ಮೊದಲ ಸಾಮೂಹಿಕ ಅಭ್ಯಾಸ. ಆಟಗಾರರು 110 ಗಜದ ಓಟವನ್ನು ಹತ್ತು ಸಲ ಓಡಬೇಕಿತ್ತು. ಕೊನೆಯ ಸುತ್ತುಗಳ ಹೊತ್ತಿಗೆ ಜೋರ್ಡನ್‌ಗೆ ಓಡಲು ಆಗಲಿಲ್ಲ. ಉಳಿದವರು ಆಸರೆ ಕೊಟ್ಟು ಮುಗಿಸಿದರು.

ನಂತರ ವಿಶ್ವವಿದ್ಯಾಲಯವೇ ನೇಮಿಸಿದ ಹೊರಗಿನ ತಜ್ಞರು ತನಿಖೆ ನಡೆಸಿದರು. ಅವರ ವರದಿಯಲ್ಲಿ ಎರಡು ಸಂಖ್ಯೆಗಳಿವೆ. ಲಕ್ಷಣ ಕಾಣಿಸಿಕೊಂಡ ಮೇಲೆ ಜೋರ್ಡನ್‌ನನ್ನು ಮೈದಾನದಿಂದ ಕರೆದೊಯ್ಯಲು 34 ನಿಮಿಷ ಹಿಡಿಯಿತು. ಆತನನ್ನು ಹೊತ್ತ ಆಂಬುಲೆನ್ಸ್ ಕ್ಯಾಂಪಸ್ ಬಿಟ್ಟಿದ್ದು ಲಕ್ಷಣ ಶುರುವಾದ 1 ಗಂಟೆ 39 ನಿಮಿಷದ ನಂತರ. ಈ ಅವಧಿಯಲ್ಲಿ ಆತನನ್ನು ತಣ್ಣೀರಿನಲ್ಲಿ ಮುಳುಗಿಸುವ ಚಿಕಿತ್ಸೆಯನ್ನು ಮಾಡಲೇ ಇಲ್ಲ. ಆಸ್ಪತ್ರೆ ತಲುಪಿದಾಗ ಮೈ ಬಿಸಿ 106 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ತುರ್ತಾಗಿ ಯಕೃತ್ತಿನ ಕಸಿ ಮಾಡಿದರು. ಹದಿನೈದು ದಿನ ಹೋರಾಡಿದರೂ ಹುಡುಗ ಉಳಿಯಲಿಲ್ಲ.

ಆ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರು, ತಮ್ಮ ಸಿಬ್ಬಂದಿಯಿಂದ ಆದ ತಪ್ಪುಗಳಿಗೆ ಕಾನೂನಿನ ಹಾಗೂ ನೈತಿಕ ಹೊಣೆಯನ್ನು ಸಂಸ್ಥೆ ಹೊರುತ್ತದೆ ಎಂದು ಬಹಿರಂಗವಾಗಿ ಹೇಳಿದರು.

ಈಗ ಒಂದೊಂದೇ ನಂಬಿಕೆಯನ್ನು ನೋಡೋಣ.

ನಂಬಿಕೆ 1: ಸುಡು ಬಿಸಿಲಿದ್ದರೆ ಮಾತ್ರ ಹೀಟ್ ಸ್ಟ್ರೋಕ್ ಆಗುತ್ತದೆ

ತಪ್ಪು. ಹೀಟ್ ಸ್ಟ್ರೋಕ್‌ನಲ್ಲಿ ಎರಡು ಬಗೆ. ಒಂದು, ಬಿಸಿಗಾಳಿಯ ದಿನಗಳಲ್ಲಿ ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ, ಕಾಯಿಲೆ ಇರುವವರಿಗೆ ಸುಮ್ಮನೆ ಕುಳಿತಿದ್ದರೂ ಆಗುವಂಥದ್ದು. ಇದರಲ್ಲಿ ಬಿಸಿ ಹೊರಗಿನಿಂದ ಬರುತ್ತದೆ. ಇನ್ನೊಂದು, ಜೋರಾಗಿ ದುಡಿಯುವ, ಓಡುವ, ಆರೋಗ್ಯವಂತ ಯುವಕರಿಗೆ ಆಗುವಂಥದ್ದು. ಇದರಲ್ಲಿ ಹೆಚ್ಚಿನ ಬಿಸಿ ಹುಟ್ಟುವುದು ಮೈಯ ಒಳಗೇ.

ನಮ್ಮ ಸ್ನಾಯುಗಳು ಅಷ್ಟೇನೂ ದಕ್ಷ ಯಂತ್ರಗಳಲ್ಲ. ಓಡುವಾಗ ಖರ್ಚಾಗುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಬಿಡುತ್ತದೆ. ಆ ಶಾಖ ಹೊರಗೆ ಹೋಗದೆ ಉಳಿದರೆ, ಜೋರಾಗಿ ಓಡುವವರ ಮೈ ಬಿಸಿ ಸುಮಾರು ಐದು ನಿಮಿಷಕ್ಕೆ ಒಂದು ಡಿಗ್ರಿ ಸೆಲ್ಸಿಯಸ್‌ನಂತೆ ಏರಬಲ್ಲದು. ಹಾಗಾಗದಂತೆ ನೋಡಿಕೊಳ್ಳುವುದು ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಬೆವರು ಆವಿಯಾಗಬೇಕು, ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಪ್ರಯೋಜನವಿಲ್ಲ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ ಬೆವರು ಆರುವುದೇ ಇಲ್ಲ. ಕಲಬುರಗಿಯಷ್ಟು ಬಿಸಿಲಿಲ್ಲದಿದ್ದರೂ ಮಂಗಳೂರಿನ ಸೆಕೆಯಲ್ಲಿ ಓಡುವುದು ಅಪಾಯಕಾರಿ ಆಗುವುದು ಇದಕ್ಕೇ.

ದೇಹದ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಬಿಸಿ ಮುದ್ದೆಯನ್ನು ನೆನಪಿಸಿಕೊಳ್ಳಿ. ಚಿಕ್ಕ ತುತ್ತು ಬೇಗ ಆರುತ್ತದೆ, ಇಡೀ ಮುದ್ದೆಯ ಒಡಲು ಬಹಳ ಹೊತ್ತು ಬಿಸಿಯಾಗಿರುತ್ತದೆ. ತೂಕ ಹೆಚ್ಚಿದಷ್ಟು ಒಳಗೆ ಹುಟ್ಟುವ ಶಾಖ ಹೆಚ್ಚು, ಆದರೆ ಅದನ್ನು ಹೊರಬಿಡುವ ಚರ್ಮ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಜೋರ್ಡನ್ ಆರಡಿ ನಾಲ್ಕು ಅಂಗುಲ ಎತ್ತರದ, ಸುಮಾರು 145 ಕಿಲೋ ತೂಕದ ಆಟಗಾರ.

ನಂಬಿಕೆ 2: ನೀರು ಚೆನ್ನಾಗಿ ಕುಡಿದಿದ್ದರೆ ಏನೂ ಆಗುವುದಿಲ್ಲ

ಅರ್ಧ ನಿಜ. ನೀರು ಬೇಕೇ ಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದ ಪ್ರಮಾಣ ಇಳಿಯುತ್ತದೆ, ಚರ್ಮದವರೆಗೆ ಶಾಖ ಸಾಗಿಸುವುದು ಕಷ್ಟವಾಗುತ್ತದೆ. ಆದರೆ ಹೊಟ್ಟೆ ತುಂಬ ನೀರು ಕುಡಿದವರಿಗೂ ಹೀಟ್ ಸ್ಟ್ರೋಕ್ ಆಗಬಹುದು. ಶಾಖ ಹುಟ್ಟುವ ವೇಗ ಶಾಖ ಹೊರಹೋಗುವ ವೇಗವನ್ನು ಮೀರಿದರೆ ಸಾಕು. ಅತಿಯಾಗಿ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಬೇರೆಯೇ ಅಪಾಯ.

ನೀರಿನಷ್ಟೇ ಮುಖ್ಯವಾದದ್ದು ಅಭ್ಯಾಸ. ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸೆಕೆಯಲ್ಲಿ ದುಡಿದರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಶರೀರ ಹೊಂದಿಕೊಳ್ಳುತ್ತದೆ. ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ 2003ರಲ್ಲೇ ಫುಟ್‌ಬಾಲ್‌ಗೆ ಒಂದು ನಿಯಮ ತಂದಿತು. ಆಗಸ್ಟ್ ತಿಂಗಳ ತಯಾರಿ ಶಿಬಿರದ ಮೊದಲ ಐದು ದಿನ ದಿನಕ್ಕೆ ಒಂದೇ ಅಭ್ಯಾಸ, ಮೊದಲೆರಡು ದಿನ ಪ್ಯಾಡ್‌ಗಳಿಲ್ಲದೆ ಹೆಲ್ಮೆಟ್ ಮಾತ್ರ. ಜೋರ್ಡನ್ ಕುಸಿದದ್ದು ಆ ಶಿಬಿರಕ್ಕೂ ಮುಂಚಿನ ಬೇಸಿಗೆ ಕಸರತ್ತಿನಲ್ಲಿ, ಅದೂ ಮೊದಲ ದಿನ.

ನಂಬಿಕೆ 3: ಮೈ ಬೆವರುತ್ತಿದೆಯಲ್ಲ, ಹಾಗಾದರೆ ಅದು ಹೀಟ್ ಸ್ಟ್ರೋಕ್ ಅಲ್ಲ

ತಪ್ಪು, ಮತ್ತು ಅಪಾಯಕಾರಿ. 'ಚರ್ಮ ಒಣಗಿ ಕೆಂಪಾಗುತ್ತದೆ' ಎಂಬುದು ಮುಖ್ಯವಾಗಿ ಮೊದಲ ಬಗೆಯ ಲಕ್ಷಣ. ಓಡುತ್ತಾ ಕುಸಿದವರ ಮೈ ಬೆವರಿನಿಂದ ತೊಯ್ದು ಹೋಗಿರಬಹುದು.

ನೋಡಬೇಕಾದದ್ದು ನಡವಳಿಕೆ. ತೊದಲುವುದು, ಅರ್ಥವಿಲ್ಲದೆ ಮಾತಾಡುವುದು, ಸಿಟ್ಟಿಗೇಳುವುದು, ತೂರಾಡುವುದು, ಎಲ್ಲಿದ್ದೇನೆಂದು ಗೊತ್ತಾಗದಿರುವುದು, ಫಿಟ್ಸ್, ಪ್ರಜ್ಞೆ ತಪ್ಪುವುದು. ಒಳಗಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಿದುಳು ಹೀಗೆ ತಪ್ಪು ಮಾಡತೊಡಗಿದರೆ ಅದು ಹೀಟ್ ಸ್ಟ್ರೋಕ್. ನಡುವೆ ಒಮ್ಮೆ ಸರಿಯಾಗಿ ಮಾತಾಡಿದರೂ ನೆಮ್ಮದಿಯಾಗಬೇಡಿ, ಮತ್ತೆ ಕುಸಿಯುವುದುಂಟು. ಹಣೆಗೆ ಹಿಡಿಯುವ, ಬಾಯಿಯಲ್ಲಿಡುವ ಥರ್ಮಾಮೀಟರ್‌ಗಳು ಈ ಹೊತ್ತಿನಲ್ಲಿ ನಂಬಲರ್ಹವಲ್ಲ. ವೈದ್ಯಕೀಯ ತಂಡಗಳು ಗುದದ್ವಾರದಲ್ಲಿ ಅಳೆಯುತ್ತವೆ. ಆ ಸೌಲಭ್ಯ ಇಲ್ಲದಿದ್ದರೆ ಅಳತೆಗೆ ಕಾಯದೆ ತಂಪು ಮಾಡುವುದು ಲೇಸು.

ನಂಬಿಕೆ 4: ಮೈ ಕಾದಿರುವಾಗ ತಣ್ಣೀರು ಹಾಕಿದರೆ ಶಾಕ್ ಆಗುತ್ತದೆ

ನಮ್ಮ ಮನೆಗಳಲ್ಲಿ ಎಲ್ಲರೂ ಕೇಳಿರುವ ಮಾತು. 'ಬಿಸಿಲಿಂದ ಬಂದಿದ್ದೀಯ, ಸ್ವಲ್ಪ ಆರಲಿ, ಆಮೇಲೆ ಸ್ನಾನ ಮಾಡು.' ದಿನನಿತ್ಯದ ಸ್ನಾನಕ್ಕೆ ಈ ಮಾತು ಇದ್ದರೆ ಇರಲಿ. ಆದರೆ ಹೀಟ್ ಸ್ಟ್ರೋಕ್ ಆದವರ ವಿಷಯದಲ್ಲಿ 'ಸ್ವಲ್ಪ ಆರಲಿ' ಎಂದು ಕಾಯುವುದು ಜೀವಕ್ಕೇ ಕುತ್ತು.

ತಣ್ಣೀರು ತಾಗಿದರೆ ಚರ್ಮದ ರಕ್ತನಾಳಗಳು ಮುಚ್ಚಿಕೊಂಡು ಬಿಸಿ ಒಳಗೇ ಉಳಿಯುತ್ತದೆ ಎಂಬ ವಾದ ವೈದ್ಯರ ನಡುವೆಯೂ ಒಂದು ಕಾಲಕ್ಕೆ ಇತ್ತು. ನಾಳಗಳು ಸಂಕುಚಿಸುವುದು ನಿಜ. ಆದರೆ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸೆಳೆಯುತ್ತದೆ. ಆ ಸೆಳೆತದ ಮುಂದೆ ಈ ಸಂಕೋಚನದ ಪರಿಣಾಮ ಬಹಳ ಚಿಕ್ಕದು. ಐಸ್ ಬೆರೆಸಿದ ನೀರಿನಲ್ಲಿ ಕತ್ತಿನವರೆಗೆ ಮುಳುಗಿಸಿದರೆ ಮೈ ಬಿಸಿ ನಿಮಿಷಕ್ಕೆ ಸುಮಾರು 0.2 ಡಿಗ್ರಿಯಂತೆ ಇಳಿಯುತ್ತದೆ. ಅಂದರೆ 41.5ರಲ್ಲಿರುವವರನ್ನು ಹದಿನೈದು ನಿಮಿಷದ ಆಸುಪಾಸಿನಲ್ಲಿ ಅಪಾಯದ ಗೆರೆಯಿಂದ ಕೆಳಗೆ ತರಬಹುದು.

ಇದಕ್ಕೆ ಗಟ್ಟಿ ಪುರಾವೆ ಅಮೆರಿಕದ ಫಾಲ್‌ಮತ್ ಎಂಬ ಊರಿನ ಬೇಸಿಗೆ ಓಟದಿಂದ ಬಂದಿದೆ. ಅಲ್ಲಿ ಅಂತಿಮ ಗೆರೆಯ ಬಳಿಯೇ ತಣ್ಣೀರಿನ ತೊಟ್ಟಿಗಳನ್ನು ಇಟ್ಟಿರುತ್ತಾರೆ. 18 ವರ್ಷಗಳಲ್ಲಿ ಹೀಟ್ ಸ್ಟ್ರೋಕ್ ಆದ 274 ಓಟಗಾರರಿಗೆ ಅಲ್ಲೇ ಚಿಕಿತ್ಸೆ ಕೊಟ್ಟದ್ದನ್ನು ಸಂಶೋಧಕರು 2015ರಲ್ಲಿ ವರದಿ ಮಾಡಿದರು. ಅವರಲ್ಲಿ ಒಬ್ಬರೂ ಸಾಯಲಿಲ್ಲ.

ಹಾಗಾಗಿಯೇ ತಜ್ಞರು 'ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ' ಎನ್ನುತ್ತಾರೆ. ನಾವು ಸಾಮಾನ್ಯವಾಗಿ ಮಾಡುವುದು ಇದರ ಉಲ್ಟಾ. ಕುಸಿದವರನ್ನು ಗಾಡಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡುತ್ತೇವೆ. ದಾರಿಯ ಆ ಅರ್ಧ ಗಂಟೆ ಮಿದುಳು, ಯಕೃತ್ತು, ಮೂತ್ರಪಿಂಡಗಳು ಬೇಯುತ್ತಲೇ ಇರುತ್ತವೆ. ಮೇರಿಲ್ಯಾಂಡ್‌ನಲ್ಲಿ ತೊಟ್ಟಿ ಬಳಸದಿರಲು ಒಂದು ಕಾರಣವೂ ಹೊರಬಂತು. ಇಷ್ಟು ದೊಡ್ಡ ಮೈಯವನು ನೀರಿನಲ್ಲಿ ಜಾರಿ ಮುಳುಗಿಬಿಟ್ಟರೆ ಎಂಬ ಹೆದರಿಕೆ. ಕಂಕುಳ ಕೆಳಗೆ ಟವೆಲ್ ಹಾಯಿಸಿ ಇಬ್ಬರು ಹಿಡಿದುಕೊಂಡರೆ ಆ ಭಯ ಇರುವುದಿಲ್ಲ. ಆದರೆ ಅದನ್ನು ಮೊದಲೇ ಕಲಿತು, ಅಭ್ಯಾಸ ಮಾಡಿಟ್ಟುಕೊಂಡಿರಬೇಕು.

ನಂಬಿಕೆ 5: ಜ್ವರದ ಮಾತ್ರೆ ಕೊಟ್ಟರೆ ಬಿಸಿ ಇಳಿಯುತ್ತದೆ

ಇಳಿಯುವುದಿಲ್ಲ. ಜ್ವರದಲ್ಲಿ ಮಿದುಳೇ 'ಇಷ್ಟು ಬಿಸಿ ಇರಲಿ' ಎಂದು ಮಟ್ಟವನ್ನು ಏರಿಸಿರುತ್ತದೆ. ಪ್ಯಾರಸಿಟಮಾಲ್ ಆ ಮಟ್ಟವನ್ನು ಇಳಿಸುತ್ತದೆ. ಹೀಟ್ ಸ್ಟ್ರೋಕ್‌ನಲ್ಲಿ ಮಟ್ಟ ಏರಿರುವುದಿಲ್ಲ, ಬಿಸಿ ಹೊರಹೋಗದೆ ತುಂಬಿಕೊಂಡಿರುತ್ತದೆ. ಮಾತ್ರೆಯಿಂದ ಲಾಭವಿಲ್ಲ, ಆಗಲೇ ಪೆಟ್ಟು ತಿಂದಿರುವ ಯಕೃತ್ತಿಗೆ ಇನ್ನಷ್ಟು ಹೊರೆ.

ನಂಬಿಕೆ 6: ಗಟ್ಟಿ ಮನಸ್ಸಿದ್ದರೆ ಮೈ ತಡೆದುಕೊಳ್ಳುತ್ತದೆ

ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ನಂಬಿಕೆ ಇದು. ಅಮೆರಿಕದ ಫುಟ್‌ಬಾಲ್‌ನಲ್ಲಿ ಇದಕ್ಕೊಂದು ದಂತಕಥೆಯೂ ಇದೆ. 1954ರಲ್ಲಿ ಟೆಕ್ಸಸ್ ಎ ಅಂಡ್ ಎಂ ಕಾಲೇಜಿಗೆ ಬಂದ ತರಬೇತುದಾರ ಬೇರ್ ಬ್ರಯಂಟ್, ಜಂಕ್ಷನ್ ಎಂಬ ಪುಟ್ಟ ಊರಿಗೆ ಆಟಗಾರರನ್ನು ಕರೆದೊಯ್ದು ಬರಗಾಲದ ಬಿರುಬಿಸಿಲಿನಲ್ಲಿ ಹತ್ತು ದಿನ ಶಿಬಿರ ನಡೆಸಿದರು. ಅಭ್ಯಾಸದ ನಡುವೆ ನೀರು ಕೊಡುತ್ತಿರಲಿಲ್ಲ. ನೀರು ಕೇಳುವುದು ದೌರ್ಬಲ್ಯ ಎಂಬುದು ಆ ಕಾಲದ ತಿಳಿವಳಿಕೆ. ಹೋದವರಲ್ಲಿ ಬಹುಪಾಲು ಹುಡುಗರು ಶಿಬಿರ ಬಿಟ್ಟು ಹೊರಟುಹೋದರು. 1956ರಲ್ಲಿ ಅದೇ ತಂಡ ಸೋಲಿಲ್ಲದೆ ತನ್ನ ವಲಯದ ಚಾಂಪಿಯನ್ ಆಯಿತು. 'ನೋಡಿ, ಆ ಶಿಬಿರದ ಫಲ' ಎಂದು ಜನ ಹೇಳತೊಡಗಿದರು.

ಆದರೆ ಶಿಬಿರ ಮುಗಿದ ಬೆನ್ನಿಗೇ ನಡೆದ 1954ರ ಸೀಸನ್‌ನಲ್ಲಿ ಏನಾಯಿತು? ಹತ್ತು ಪಂದ್ಯ ಆಡಿ ಒಂದೇ ಒಂದು ಗೆದ್ದರು. ದಂತಕಥೆ ಹೇಳುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ಉಳಿದು ಗೆದ್ದವರ ಕಥೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ, ಬಿಟ್ಟು ಹೋದವರದು, ಕುಸಿದವರದು ಬೀಳುವುದಿಲ್ಲ. 'ನಮ್ಮ ಕಾಲದಲ್ಲಿ ನೀರಿಲ್ಲದೆ ಓಡುತ್ತಿದ್ದೆವು, ಏನೂ ಆಗಲಿಲ್ಲ' ಎನ್ನುವ ಮಾತಿನಲ್ಲಿರುವುದೂ ಇದೇ ಲೋಪ. ಹಾಗೆ ಹೇಳಲು ಇವತ್ತು ನಮ್ಮ ಮುಂದೆ ಇರುವವರು ಏನೂ ಆಗದವರು ಮಾತ್ರ.

ಮನೋಬಲ ಶಾಖವನ್ನು ಇಳಿಸುವುದಿಲ್ಲ. ನಿಜವಾಗಿ, ಮನಸ್ಸು ಗಟ್ಟಿ ಇದ್ದವರಿಗೇ ಅಪಾಯ ಹೆಚ್ಚು. ಮೈ 'ಸಾಕು' ಎಂದು ಕೊಡುವ ಸೂಚನೆಯನ್ನು ಅವರು ಮೀರಿ ಓಡುತ್ತಾರೆ.

ಮೌನವೂ ಒಂದು ಕಾರಣ

ಮೇರಿಲ್ಯಾಂಡ್ ತಂಡದ ವಾತಾವರಣ ಹೇಗಿತ್ತೆಂದು ಪರಿಶೀಲಿಸಲು ಇನ್ನೊಂದು ಸಮಿತಿ ರಚನೆಯಾಯಿತು. ಅಕ್ಟೋಬರ್‌ನಲ್ಲಿ ಬಂದ ಅದರ ವರದಿ ಹೇಳಿದ್ದು ಇಷ್ಟು: ತುಂಬಾ ಆಟಗಾರರು ಬಾಯಿಬಿಡಲು ಹೆದರುತ್ತಿದ್ದರು, ಹಾಗಾಗಿ ಸಮಸ್ಯೆಗಳು ಒಳಗೇ ಕೊಳೆತವು. ಸಂವಹನವನ್ನು ಅಧ್ಯಯನ ಮಾಡುವ ನಮಗೆ ಇದು ಇಡೀ ಪ್ರಕರಣದ ಮುಖ್ಯ ಸಾಲು ಅನ್ನಿಸುತ್ತದೆ. ಹೀಟ್ ಸ್ಟ್ರೋಕ್‌ನಲ್ಲಿ ಪ್ರತಿ ನಿಮಿಷಕ್ಕೂ ಬೆಲೆ ಇದೆ. 'ನನಗೆ ಆಗುತ್ತಿಲ್ಲ' ಎನ್ನಲು ಹುಡುಗನೊಬ್ಬ ಹಿಂಜರಿದರೆ, 'ಅವನ್ಯಾಕೋ ಸರಿಯಿಲ್ಲ ಸರ್' ಎನ್ನಲು ಗೆಳೆಯ ಹೆದರಿದರೆ, ಅಲ್ಲೇ ಹತ್ತು ನಿಮಿಷ ಕಳೆದುಹೋಗುತ್ತದೆ. ಹೆದರಿಕೆ ಇರುವ ಮೈದಾನದಲ್ಲಿ ತಣ್ಣೀರಿನ ತೊಟ್ಟಿ ಇದ್ದರೂ ಅದು ಸಮಯಕ್ಕೆ ಒದಗುವುದಿಲ್ಲ.

ಅಕ್ಟೋಬರ್ 30ರಂದು, ರಜೆಯ ಮೇಲಿದ್ದ ಮುಖ್ಯ ತರಬೇತುದಾರರನ್ನು ಮರಳಿ ಕರೆತರಲಾಯಿತು. ವಿದ್ಯಾರ್ಥಿಗಳು, ಜನಪ್ರತಿನಿಧಿಗಳು ಸಿಡಿದೆದ್ದರು. ಮರುದಿನವೇ ಅವರನ್ನು ಕೆಲಸದಿಂದ ತೆಗೆಯಲಾಯಿತು. ಇಷ್ಟೆಲ್ಲದರ ನಡುವೆ ಹುಡುಗರು ಆಡುತ್ತಲೇ ಇದ್ದರು. ಮೊದಲ ಪಂದ್ಯದಲ್ಲಿ ಟೆಕ್ಸಸ್ ಅನ್ನು 34–29ರಿಂದ ಸೋಲಿಸಿದ್ದರು. ನವೆಂಬರ್ 17ರಂದು ಬಲಾಢ್ಯ ಒಹಾಯೊ ಸ್ಟೇಟ್ ಎದುರು ಹೆಚ್ಚುವರಿ ಅವಧಿಯಲ್ಲಿ 52–51ಕ್ಕೆ, ಒಂದೇ ಅಂಕದಿಂದ ಸೋತರು. ಐದು ಗೆಲುವು, ಏಳು ಸೋಲಿನೊಂದಿಗೆ ವರ್ಷ ಮುಗಿಯಿತು. ಬೌಲ್ ಪಂದ್ಯ ಒಂದು ಗೆಲುವಿನ ದೂರದಲ್ಲಿ ತಪ್ಪಿತು. ಆದರೆ ಆ ಸೀಸನ್ ಇಂದಿಗೂ ನೆನಪಾಗುವುದು ಆ ಖಾಲಿ ಜಾಗದಿಂದ. ಜೋರ್ಡನ್‌ನ ತಂದೆ ತಾಯಿ ಆತನ ಹೆಸರಿನಲ್ಲಿ ಪ್ರತಿಷ್ಠಾನ ಕಟ್ಟಿದರು. 2021ರಲ್ಲಿ ಮೇರಿಲ್ಯಾಂಡ್ ರಾಜ್ಯ ಕಾಲೇಜು ಆಟಗಾರರ ಸುರಕ್ಷತೆಗಾಗಿ ಅದೇ ಹೆಸರಿನ ಕಾನೂನು ತಂದಿತು.

ನಮ್ಮ ಮೈದಾನಗಳಲ್ಲಿ

2024ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲಲ್ಲಿ ಜಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೇಬಲ್ ನೇಮಕಾತಿಯ 10 ಕಿಲೋಮೀಟರ್ ಓಟದ ಸಂದರ್ಭದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು. ಸಾವಿನ ಕಾರಣಗಳ ಬಗ್ಗೆ ಬೇರೆಬೇರೆ ವಾದಗಳು ಬಂದವು. ಸರ್ಕಾರ ಪರೀಕ್ಷೆಯನ್ನು ಕೆಲ ದಿನ ನಿಲ್ಲಿಸಿ, ಬೆಳಿಗ್ಗೆ 9ರ ನಂತರ ಓಡಿಸಬಾರದೆಂದು ಸೂಚಿಸಿತು. ನಮ್ಮಲ್ಲೂ ಪೊಲೀಸ್, ಸೇನೆ ಸೇರುವ ಆಸೆಯಿಂದ ಸಾವಿರಾರು ಮಂದಿ ಓಡುತ್ತಾರೆ. ಎಷ್ಟೋ ಜನರಿಗೆ ತರಬೇತುದಾರರೂ ಇರುವುದಿಲ್ಲ. ಕೆಲಸ ಕೈತಪ್ಪೀತೆಂಬ ಭಯದಲ್ಲಿ ಯಾರೂ ಓಟ ನಿಲ್ಲಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಓಡುವವರು ಹೊಸದಾಗಿ ಅಥವಾ ರಜೆಯ ನಂತರ ಶುರು ಮಾಡುವಾಗ ಮೊದಲ ಎರಡು ವಾರ ನಿಧಾನವಾಗಿ ಏರಿಸಿ. ಹಿಂದಿನ ದಿನ ಜ್ವರ, ಭೇದಿ, ನಿದ್ದೆಗೇಡು ಇದ್ದರೆ ಓಡಬೇಡಿ. ತೂಕ ಹೆಚ್ಚಿರುವವರನ್ನು ಉಳಿದವರ ವೇಗಕ್ಕೆ ಎಳೆಯಬೇಡಿ. ಒಬ್ಬರೇ ಓಡಬೇಡಿ.

ಪಿಟಿ ಮೇಷ್ಟ್ರು, ತರಬೇತುದಾರರು ಮೈದಾನದ ಅಂಚಿನಲ್ಲಿ ಎರಡು ಡ್ರಮ್ ನೀರು, ಒಂದು ಟಾರ್ಪಾಲಿನ್, ಸಾಧ್ಯವಾದರೆ ಐಸ್ ಇಟ್ಟುಕೊಳ್ಳಿ. ಯಾರಾದರೂ ಕುಸಿದು ತೊದಲಿದರೆ ಒಬ್ಬರು 108ಕ್ಕೆ ಕರೆ ಮಾಡಲಿ. ಉಳಿದವರು ನೆರಳಿಗೆ ತಂದು, ಶೂ ಮತ್ತು ದಪ್ಪ ಬಟ್ಟೆ ತೆಗೆದು, ಟಾರ್ಪಾಲಿನ್ ಮೇಲೆ ಮಲಗಿಸಿ, ನಾಲ್ಕೂ ಬದಿ ಎತ್ತಿ ಹಿಡಿದು ತೊಟ್ಟಿಯಂತೆ ಮಾಡಿ, ನೀರು ಸುರಿದು ಕಲಕುತ್ತಿರಿ. ತಲೆ ನೀರಿನಿಂದ ಮೇಲಿರಲಿ. ಟಾರ್ಪಾಲಿನ್ ಇಲ್ಲದಿದ್ದರೆ ಪೈಪು, ಬಕೆಟ್, ಚೊಂಬು ಯಾವುದಾದರೂ ಸರಿ, ಮೈ ತುಂಬ ನೀರು ಬೀಳುತ್ತಿರಲಿ, ಗಾಳಿ ಬೀಸುತ್ತಿರಲಿ. ಐಸ್ ಇಲ್ಲವೆಂದು ಕೈಕಟ್ಟಿ ನಿಲ್ಲಬೇಡಿ. 41 ಡಿಗ್ರಿಯ ಮೈಗೆ ಸಂಪಿನ ನೀರೂ ತಂಪೇ. ತಾರಸಿಯ ಟ್ಯಾಂಕಿನ ನೀರು ಮಾತ್ರ ಮಧ್ಯಾಹ್ನ ಕಾದಿರುತ್ತದೆ, ನೋಡಿಕೊಳ್ಳಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು, ಗ್ಲೂಕೋಸ್ ಹಾಕಬೇಡಿ. ಉಸಿರಾಟ ನಿಂತಿದ್ದರೆ ಮೊದಲು ಸಿಪಿಆರ್.

ಹೀಟ್ ಸ್ಟ್ರೋಕ್ ಭಯಂಕರ ನಿಜ. ಆದರೆ ಮೊದಲ ಅರ್ಧ ಗಂಟೆಯೊಳಗೆ ತಂಪು ಮಾಡಿದರೆ ಬಹುತೇಕ ಎಲ್ಲರೂ ಬದುಕುತ್ತಾರೆ. ಆ ಅರ್ಧ ಗಂಟೆಯಲ್ಲಿ ಪಕ್ಕದಲ್ಲಿರುವವರು ವೈದ್ಯರಲ್ಲ, ನಾವು ನೀವೇ. ಮುಂದಿನ ಸಲ ಮೈದಾನದಲ್ಲಿ ಯಾರಾದರೂ 'ಆಗುತ್ತಿಲ್ಲ ಸರ್' ಎಂದರೆ 'ಇನ್ನೊಂದು ರೌಂಡ್ ಅಷ್ಟೇ' ಎನ್ನುವ ಮೊದಲು ಆ ಹುಡುಗನ ಮುಖವನ್ನೊಮ್ಮೆ ನೋಡಿ, ಅವನ ಹೆಸರು ಕೇಳಿ. ಉತ್ತರ ತಡವಾದರೆ, ತೊದಲಿದರೆ, ನೀರಿನ ಬಕೆಟ್ ಎತ್ತಿಕೊಳ್ಳಿ.